ಕಾಲು ಗಂಟೆಯ ಮಾತು

ಮಾತಿನ ನಡುವೆ ಟೆಲಿಫೋನು ಕಡಿದುಹೋದರೆ ಅದರ ಹೊಣೆಯನ್ನು ಯಾರ ತಲೆಗೆ ಕಟ್ಟಬೇಕೆಂಬುದು ಹಳೆಯ ಪ್ರಶ್ನೆ. ಎದುರುಬದುರು ಕುಳಿತು ಮಾತನಾಡುವವರಿಗೆ ಈ ತೊಡಕಿಲ್ಲ. ಎದುರಿಗಿದ್ದವರು ಸಿಟ್ಟಾಗಿ ಎದ್ದುಹೋದರೆ ಎದ್ದುಹೋದದ್ದು ಕಣ್ಣಿಗೆ ಕಾಣುತ್ತದೆ; ನಾವು ಮುಖ ತಿರುಗಿಸಿ ಕುಳಿತಿದ್ದರೂ ಚಪ್ಪಲಿ ಮೆಟ್ಟಿದ ಸದ್ದಾದರೂ ಕೇಳುತ್ತದೆ. ಟೆಲಿಫೋನಿನಲ್ಲಿ ಹಾಗಲ್ಲ. ತಂತಿ ತುಂಡಾದರೂ, ಯಂತ್ರ ಕೆಟ್ಟರೂ, ಆ ಕಡೆಯವರು ಹುಬ್ಬು ಗಂಟಿಕ್ಕಿಕೊಂಡು ರಿಸೀವರನ್ನು ಕುಕ್ಕಿದರೂ ಈ ಕಡೆಯ ಕಿವಿಗೆ ಬೀಳುವುದು ಒಂದೇ ಬಗೆಯ ಮೌನ. ಆ ಮೌನಕ್ಕೆ ಅರ್ಥ ಹೇಳುವ ಕೆಲಸ ಕೇಳುವವರ ಮನಸ್ಸಿಗೆ ಬಿಟ್ಟದ್ದು. ಮನಸ್ಸಾದರೋ ಯಂತ್ರದ ಮೇಲೆ ಸಂಶಯಪಡುವುದಕ್ಕೆ ಮೊದಲು ಮನುಷ್ಯರ ಮೇಲೆ ಸಂಶಯಪಡುತ್ತದೆ.

ಸಂಶಯಕ್ಕೂ ಟೆಲಿಫೋನಿಗೂ ಇರುವ ಈ ನಂಟು ನಾನು ಹೊಸದಾಗಿ ಕಟ್ಟಿದ್ದಲ್ಲ. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬ ಮಹಾಶಯನಿದ್ದ. ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಅವನ ಕಸುಬು. ಊರಿನಲ್ಲಿ ಜನ ಸಾಯುತ್ತಲೇ ಇದ್ದರೂ ತನಗೆ ಕರೆ ಬರುತ್ತಿಲ್ಲ, ಎಕ್ಸ್‌ಚೇಂಜಿನಲ್ಲಿ ಕುಳಿತ ಹೆಂಗಸು ತನ್ನ ಗಿರಾಕಿಗಳನ್ನು ಬೇಕೆಂದೇ ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾಳೆ ಎಂಬ ಸಂಶಯ ಅವನನ್ನು ಹಿಡಿಯಿತೆಂದು ಕತೆ. ಬೇರೆಯವನಾಗಿದ್ದರೆ ಜಗಳಕ್ಕೆ ಹೋಗುತ್ತಿದ್ದ. ಈತ ನಡುವಣ ಮನುಷ್ಯರೇ ಬೇಡವೆಂದು ತಾನಾಗಿ ಕರೆ ಜೋಡಿಸುವ ಯಂತ್ರವನ್ನು ಕಲ್ಪಿಸಿ, 1891ರಲ್ಲಿ ಅದಕ್ಕೆ ಪೇಟೆಂಟು ಪಡೆದ. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಮೊದಲ ದಿನಗಳಲ್ಲಿ ತಯಾರಿಸಿದ್ದು ಈ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳನ್ನೇ. ಒಬ್ಬ ಸಂಶಯಪ್ರಾಣಿಯ ತಲೆಯಿಂದ ಹೊರಟದ್ದು ನಮ್ಮ ದೂರವಾಣಿನಗರದವರೆಗೂ ಬಂದು ಸಾವಿರಾರು ಸಂಸಾರಗಳಿಗೆ ಅನ್ನ ಹಾಕಿತು.

ನಮ್ಮ ಹಿರಿಯರಿಗಿದ್ದ ಟ್ರಂಕ್ ಕಾಲಿನಲ್ಲಿ ಎಷ್ಟೇ ಕಷ್ಟವಿದ್ದರೂ ಒಂದು ಅನುಕೂಲವಿತ್ತು. ಬೆಳಿಗ್ಗೆ ಬುಕ್ ಮಾಡಿ ಮಧ್ಯಾಹ್ನದವರೆಗೆ ಕಾದು, ಕೊನೆಗೆ ಗಂಟಲು ಹರಿಯುವಂತೆ ಕೂಗಿ ಮಾತನಾಡುವಾಗ ಕರೆ ಕಡಿದರೆ ಬಯ್ಯಲು ಒಬ್ಬ ಆಪರೇಟರು ಸಿಗುತ್ತಿದ್ದ. ಮೂರು ನಿಮಿಷವಾಯಿತೆಂದು ಹೇಳುವವನೂ ಅವನೇ, ಇನ್ನೂ ಮೂರು ನಿಮಿಷ ಬೇಕೆ ಎಂದು ಕೇಳುವವನೂ ಅವನೇ. ಸಿಟ್ಟು ಅವನ ಮೇಲೆ ತೀರಿಹೋಗಿ, ಆ ಕಡೆಯ ಬಂಧುವಿನ ಮೇಲಿನ ಪ್ರೀತಿ ಹಾಗೆಯೇ ಉಳಿಯುತ್ತಿತ್ತು. 1960ರಲ್ಲಿ ಕಾನ್ಪುರಕ್ಕೂ ಲಖ್ನೋಗೂ ನಡುವೆ ನೇರವಾಗಿ ನಂಬರು ತಿರುಗಿಸಿ ಮಾತನಾಡುವ ಏರ್ಪಾಡು ನಮ್ಮ ದೇಶದಲ್ಲಿ ಮೊದಲಾಯಿತು. 1986ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ, ಸಿ-ಡಾಟ್ ಸಂಸ್ಥೆ ನಮ್ಮವರೇ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜನ್ನು ಮೊದಲ ಬಾರಿಗೆ ನಿಲ್ಲಿಸಿತು. ಆಮೇಲಿನ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ನನ್ನ ಓರಗೆಯವರಿಗೆ ಚೆನ್ನಾಗಿ ನೆನಪಿವೆ. ಆ ಬೂತಿನಲ್ಲಿ ಕರೆ ಕಡಿದರೆ ದೂರುವುದು ಮೀಟರನ್ನು. ಹೀಗೆ ದೂರಲು ಯಾವಾಗಲೂ ಏನಾದರೊಂದು ಇರುತ್ತಿತ್ತು.

ಈಗ ನಾಗರಬಾವಿಯ ನಮ್ಮ ಮನೆಯಲ್ಲಿರುವ ಟೆಲಿಫೋನಿಗೆ ಆ ಸೌಲಭ್ಯವಿಲ್ಲ. ನೋಡಲು ಅದು ಹಳೆಯ ಟೆಲಿಫೋನಿನಂತೆಯೇ ಇದೆ. ರಿಸೀವರಿದೆ, ಸುರುಳಿ ಸುತ್ತಿದ ವೈರಿದೆ, ಟ್ರಿಣ್ ಟ್ರಿಣ್ ಎನ್ನುವ ಬಯಕೆಯೂ ಇದೆ. ಆದರೆ ಅದರ ಬಾಲವನ್ನು ಹಿಡಿದು ಹೋದರೆ ಎಕ್ಸ್‌ಚೇಂಜಿಗೆ ಹೋಗುವ ತಾಮ್ರದ ತಂತಿ ಸಿಗುವುದಿಲ್ಲ. ಒಂದು ಪುಟ್ಟ ಪೆಟ್ಟಿಗೆ, ಅದರಿಂದ ರೌಟರೆಂಬ ಮತ್ತೊಂದು ಪೆಟ್ಟಿಗೆ, ಅದರಿಂದ ನೆಲಮಾಳಿಗೆಯಲ್ಲಿರುವ ಮೂರನೆಯ ಪೆಟ್ಟಿಗೆ, ಅಲ್ಲಿಂದ ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆ. ಆ ಎಳೆ ಕಪ್ಪು ಹೊದಿಕೆ ಹೊದ್ದು ನಮ್ಮ ಗೇಟಿನಿಂದ ವಿದ್ಯುತ್ ಕಂಬಕ್ಕೆ, ಕಂಬದಿಂದ ಹೊಂಗೆ ಮರಕ್ಕೆ, ಮರದಿಂದ ಇನ್ನೊಂದು ಕಂಬಕ್ಕೆ ಜೋತಾಡುತ್ತ ವರ್ತುಲ ರಸ್ತೆಯ ಕಡೆಗೆ ಹೊರಟುಹೋಗುತ್ತದೆ. ನಮ್ಮ ಬಡಾವಣೆಯ ಹೆಸರಿನಲ್ಲಿ ನಾಗರವೂ ಇದೆ, ಬಾವಿಯೂ ಇದೆ. ಬಾವಿಯನ್ನು ನಾನು ಕಂಡಿಲ್ಲ. ನಾಗರಗಳು ಮಾತ್ರ ಪ್ರತಿಯೊಂದು ಕಂಬದ ಮೇಲೂ ಸುರುಳಿ ಸುತ್ತಿಕೊಂಡು ನೇತಾಡುತ್ತಿವೆ.

ಅಂತರಜಾಲದ ಮೂಲಕ ಮಾತು ಸಾಗಿಸುವ ವಿದ್ಯೆಗೆ ನಮ್ಮ ಸರಕಾರ ಬಾಗಿಲು ತೆರೆದದ್ದು 2002ರ ಏಪ್ರಿಲ್ 1ರಿಂದ. ಅದೂ ಅರ್ಧ ಬಾಗಿಲು. ಇಲ್ಲಿನ ಸಾಮಾನ್ಯ ಟೆಲಿಫೋನುಗಳಿಗೆ ಅದನ್ನು ಜೋಡಿಸುವಂತಿರಲಿಲ್ಲ. 2018ರಲ್ಲಿ ಲೈಸೆನ್ಸಿನ ನಿಯಮಗಳನ್ನು ಸಡಿಲಿಸಿದ ಮೇಲೆ ಬಾಗಿಲು ಪೂರ್ತಿ ತೆರೆಯಿತು. ಈಗ ಅಂತರಜಾಲದ ಸಂಪರ್ಕ ತೆಗೆದುಕೊಂಡರೆ ಟೆಲಿಫೋನು, ತರಕಾರಿಯ ಜೊತೆ ಕೊತ್ತಂಬರಿ ಸೊಪ್ಪು ಬಂದಂತೆ, ಬಿಟ್ಟಿಯಾಗಿ ಬರುತ್ತದೆ. ನಮಗೂ ಹಾಗೆಯೇ ಬಂತು. ಬಂದದ್ದು ಬೀರುವಿನಲ್ಲಿ ಮಲಗಿತ್ತು. ಎಬ್ಬಿಸಿದ್ದು ಅಮ್ಮ ಬಂದ ಮೇಲೆ.

ಅಮ್ಮನಿಗೆ 76 ವರ್ಷ. ತಂದೆಯವರು ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು ಮಹಡಿಯ ಕೋಣೆಯಲ್ಲಿದ್ದಾರೆ. ಅವರ ತವರು ಕಾಸರಗೋಡಿನ ಕಡೆ, ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದ ಪೆರಡಾಲಕ್ಕೆ ಸಮೀಪದಲ್ಲಿ. ಅವರ ಅಕ್ಕ, ನನ್ನ ದೊಡ್ಡಮ್ಮ, ಈಗಲೂ ಆ ಸೀಮೆಯಲ್ಲೇ ಅಡಿಕೆ ತೋಟದ ನಡುವಣ ಮನೆಯಲ್ಲಿದ್ದಾರೆ. 1956ರಲ್ಲಿ ಊರು ಕೇರಳಕ್ಕೆ ಸೇರಿದಾಗ ಅವರು ಹನ್ನೆರಡರ ಹುಡುಗಿ. ಅಂದಿನಿಂದ ಇಂದಿನವರೆಗೂ ಅವರು ಪತ್ರ ಬರೆಯುವುದೂ ಲೆಕ್ಕ ಬರೆಯುವುದೂ ಕನ್ನಡದಲ್ಲಿಯೆ. ಈ ಇಬ್ಬರು ಅಕ್ಕತಂಗಿಯರು ಆರು ವರ್ಷ ಮಾತು ಬಿಟ್ಟಿದ್ದರು. ಕಾರಣ ಅಜ್ಜಿಯ ಒಂದು ಅವಲಕ್ಕಿ ಸರ. ಅದು ಯಾರಿಗೆ ಸೇರಬೇಕಾದದ್ದು, ಯಾರ ಪೆಟ್ಟಿಗೆಯಲ್ಲಿ ಉಳಿಯಿತು, ಯಾರ ಮದುವೆಗೆ ಯಾರು ಕೇಳಿದಾಗ ಯಾರು ಕೊಡಲಿಲ್ಲ ಎಂಬುದನ್ನು ಇಲ್ಲಿ ವಿವರಿಸಲು ನನಗೆ ಅಧಿಕಾರವಿಲ್ಲ. ತಂದೆಯವರು ಹೋದಾಗ ದೊಡ್ಡಮ್ಮ ಘಟ್ಟ ಹತ್ತಿ ಬಂದರು. ಇಬ್ಬರೂ ತಬ್ಬಿಕೊಂಡು ಅತ್ತರು. ಸರದ ವಿಷಯ ಮಾತ್ರ ಎತ್ತಲಿಲ್ಲ.

ಆಮೇಲೆ ಪ್ರತಿದಿನ ಸಂಜೆ ಏಳಕ್ಕೆ ಟೆಲಿಫೋನು. ಮೊಬೈಲು ಅಮ್ಮನಿಗೆ ಒಗ್ಗದು. ಕಿವಿ ಸ್ವಲ್ಪ ಮಂದ; ಮೇಲಾಗಿ ಅದು ಒದ್ದೆ ಸಾಬೂನಿನಂತೆ ಕೈಯಿಂದ ಜಾರುತ್ತದಂತೆ. ರಿಸೀವರು ಕಿವಿಗೂ ಬಾಯಿಗೂ ಸರಿಯಾಗಿ ಕೂರುತ್ತದೆ. ಇನ್ನೊಂದು ಕಾರಣವನ್ನು ಅವರು ಹೇಳಲಿಲ್ಲ, ನಾವು ತಿಳಿದುಕೊಂಡೆವು: ಮೊಮ್ಮಗನ ಮೊಬೈಲಿನಲ್ಲಿ, ಅವನು ಯಾವಾಗ ಕೊಡುತ್ತೀ ಎಂದು ಎದುರಿಗೆ ನಿಂತಿರುವಾಗ, ಅಕ್ಕನೊಡನೆ ಆಡುವ ಮಾತು ಆಡಲಾಗದು.

ನಮ್ಮ ಕಡೆಯವರು ಮುಖ್ಯ ವಿಷಯಕ್ಕೆ ನೇರವಾಗಿ ಬರುವವರಲ್ಲ. ಮೊದಲು ಊಟವಾಯಿತೆ, ಮಳೆ ಬಂತೆ; ಆಮೇಲೆ ಅಡಿಕೆಗೆ ಕೊಳೆರೋಗ, ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗದಿರುವುದು; ಆಮೇಲೆ ಮಂಡಿ ನೋವು, ಮಂಡಿ ನೋವಿನ ಎಣ್ಣೆ; ಆಮೇಲೆ ಯಾರ ಮನೆಯಲ್ಲಿ ಪೂಜೆ, ಯಾರ ಮನೆಯಲ್ಲಿ ಸೂತಕ. ಇಷ್ಟಾಗಲು ಕಾಲು ಗಂಟೆ ಬೇಕು. ಕಾಲು ಗಂಟೆಯಾದ ಮೇಲೆ ದನಿ ಸ್ವಲ್ಪ ತಗ್ಗುತ್ತದೆ. "ಅಲ್ಲ ಅಕ್ಕಾ, ಒಂದು ಮಾತು ಕೇಳಬೇಕು ಅಂತ..." ಎಂದು ಅಮ್ಮ ಆರಂಭಿಸುತ್ತಾರೆ. ಅಷ್ಟರಲ್ಲಿ ಟೆಲಿಫೋನು ಕಡಿದುಹೋಗುತ್ತದೆ.

ಒಂದು ದಿನವಲ್ಲ, ಎರಡು ದಿನವಲ್ಲ. "ಸರದ ಮಾತು ಬರುತ್ತದೆಂದು ಗೊತ್ತಾಗಿ ಅವಳೇ ಇಟ್ಟುಬಿಡುತ್ತಾಳೆ" ಎಂದು ಅಮ್ಮ ತೀರ್ಮಾನಿಸಿದರು. ಅತ್ತ ದೊಡ್ಡಮ್ಮ ಅದೇ ತೀರ್ಮಾನವನ್ನು ತಂಗಿಯ ಬಗ್ಗೆ ಮಾಡಿದ್ದರೆಂದು ಅವರ ಸೊಸೆಯಿಂದ ತಿಳಿಯಿತು. ಇದಕ್ಕೆ ಒಗ್ಗರಣೆ ಹಾಕಿದಂತೆ ಇನ್ನೊಂದು ದೂರು. "ಯಾವಾಗಲೂ ನಾನೇ ಮಾಡಬೇಕು, ಅವಳಾಗಿ ಒಂದು ದಿನ ಮಾಡುವುದಿಲ್ಲ" ಎಂದು ಅಮ್ಮ; "ನಾನು ಮಾಡಿದರೆ ಯಾರೋ ಮಲಯಾಳದಲ್ಲಿ ಏನೋ ಹೇಳುತ್ತಾರೆ, ಅವರು ಆಫ್ ಮಾಡಿ ಇಟ್ಟಿರುತ್ತಾರೆ" ಎಂದು ದೊಡ್ಡಮ್ಮ. ಆಷಾಢ ಕಳೆದು ಶ್ರಾವಣ ಬರುವ ಹೊತ್ತಿಗೆ ಪ್ರತಿದಿನದ ಕರೆ ದಿನ ಬಿಟ್ಟು ದಿನವಾಯಿತು. ಆಮೇಲೆ ವಾರಕ್ಕೆ ಎರಡಾಯಿತು. ಹೀಗೆಯೇ ಬಿಟ್ಟರೆ ಇನ್ನೊಂದು ಆರು ವರ್ಷದ ಮೌನಕ್ಕೆ ದಾರಿಯಾಗುತ್ತದೆ, 76ಕ್ಕೂ 81ಕ್ಕೂ ಆರು ವರ್ಷದ ಮೌನ ಎಂದರೇನು ಎಂಬುದು ಮನೆಯಾಕೆಗೂ ನನಗೂ ಹೊಳೆಯಿತು. ಆದುದರಿಂದ ಟೆಲಿಫೋನಿನ ರೋಗವನ್ನು ಪತ್ತೆ ಮಾಡುವುದು ಕುಟುಂಬದ ಕರ್ತವ್ಯವೇ ಆಯಿತು.

ಕಂಪೆನಿಗೆ ದೂರು ಕೊಟ್ಟೆವು. ಕಂಪೆನಿಯ ಹೆಸರು ಬೇಡ. ಹೆಸರು ಬದಲಾಯಿಸಿದರೂ ಕತೆ ಬದಲಾಗದು. ಪೆಟ್ಟಿಗೆಯನ್ನು ಆರಿಸಿ ಹತ್ತಿಸಿ ಎಂದು ಮೊದಲು ಹೇಳಿದರು. ಆರಿಸಿ ಹತ್ತಿಸಿದೆವು. "ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ" ಎಂದು ಸಂದೇಶ ಬಂತು. ಅದು ಬಂದದ್ದು ಸಂಜೆ ಏಳೂ ಹದಿನೆಂಟಕ್ಕೆ. ಕರೆ ಕಡಿದು ಎರಡು ನಿಮಿಷವಾಗಿತ್ತು. ಎರಡನೆಯ ದೂರಿಗೆ ಒಬ್ಬ ಹುಡುಗ ಬಂದ. ಏಣಿ ಹಾಕಿ ಕಂಬ ಹತ್ತಿ, ಅಳಿಲು ಕಚ್ಚಿದ ಕಡೆ ಹೊದಿಕೆ ಬದಲಿಸಿ, ಕೈಯಲ್ಲಿದ್ದ ಯಂತ್ರದಿಂದ ಬೆಳಕನ್ನು ಅಳೆದ. "ಮೈನಸ್ 21 ಇದೆ ಸಾರ್, ಏನೂ ತೊಂದರೆಯಿಲ್ಲ" ಎಂದ. ಅವನು ಹೇಳಿದ್ದು ನಿಜ. ಈ ಅಂಕಿ ಮೈನಸ್ 27ಕ್ಕಿಂತ ಕೆಳಗಿಳಿದರೆ ಗಾಜಿನ ಎಳೆಯಲ್ಲಿ ಬರುವ ಬೆಳಕು ಸಾಲದೆ ಸಂಪರ್ಕ ತತ್ತರಿಸುತ್ತದೆ. ನಮ್ಮದು ಅಷ್ಟು ಕೆಳಗೆ ಇರಲಿಲ್ಲ. ಮೂರನೆಯ ಬಾರಿ ಬಂದವನು ಮಹಡಿಯ ರೌಟರನ್ನು ನೋಡಿ, ಇದು ಕಂಪೆನಿಯ ಪೆಟ್ಟಿಗೆಯಲ್ಲ, ಆದುದರಿಂದ ರೋಗ ಇದರದೇ ಎಂದ. ನ್ಯಾಯಶಾಸ್ತ್ರದಲ್ಲಿ ಇಂಥ ಅನುಮಾನಕ್ಕೆ ಏನೋ ಹೆಸರಿರಬೇಕು. ನಮ್ಮ ಬಡಾವಣೆಯಲ್ಲೇ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅಲ್ಲಿ ಯಾರನ್ನಾದರೂ ಕೇಳಬೇಕೆನಿಸಿತು.

ಮಗ ತನ್ನ ಸಿದ್ಧಾಂತವನ್ನು ಮಂಡಿಸಿದ: ಅಡುಗೆಮನೆಯ ಮೈಕ್ರೋವೇವ್ ಒಲೆಯೂ ವೈಫೈಯೂ ಒಂದೇ ಅಲೆಯಳತೆಯ ಸುತ್ತ ಕೆಲಸ ಮಾಡುತ್ತವೆ, ಏಳೂಕಾಲಕ್ಕೆ ಸಾರು ಬಿಸಿ ಮಾಡುವುದರಿಂದಲೇ ಕರೆ ಕಡಿಯುತ್ತದೆ. ಸಿದ್ಧಾಂತ ಚೆನ್ನಾಗಿತ್ತು. ಆದರೆ ಅಮ್ಮನ ಟೆಲಿಫೋನು ವೈರಿನ ಮೇಲೆ ನಡೆಯುವುದು. ಸಾರಿನ ಮೇಲೆ ಆರೋಪ ನಿಲ್ಲಲಿಲ್ಲ. ದೊಡ್ಡಮ್ಮನ ಮೊಬೈಲಿನ ಮೇಲೆಯೂ ಕಣ್ಣು ಬಿತ್ತು. ಅವರ ಮನೆಯಲ್ಲಿ ಸಿಗ್ನಲು ಸಿಗುವುದು ಕಿಟಕಿಯ ದಂಡೆಯಲ್ಲಿ ಮಾತ್ರ. ಒಂದು ಸಂಜೆ ಅಮ್ಮನ ಕೈಗೆ ಮಗನ ಮೊಬೈಲು ಕೊಟ್ಟು ಮಾತನಾಡಿಸಿದೆವು. ನಲವತ್ತು ನಿಮಿಷ ಎಳೆ ಕಡಿಯಲಿಲ್ಲ. ಅಮ್ಮ ಅಷ್ಟು ಹೊತ್ತೂ ಕೊಳೆರೋಗದ ಬಗ್ಗೆಯೇ ಮಾತನಾಡಿದರು, ಮಗ ಎದುರಿಗಿದ್ದನಲ್ಲ!

ಈ ಪತ್ತೇದಾರಿಯಲ್ಲಿ ನಿಜವಾದ ಸಾಕ್ಷ್ಯವನ್ನು ಒದಗಿಸಿದವರು ಅಮ್ಮನೇ. ಕರೆ ಆರಂಭವಾದ ಹೊತ್ತು, ಕಡಿದ ಹೊತ್ತು, ಎರಡನ್ನೂ ಅವರು ಪಂಚಾಂಗದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದರು. ಅಕ್ಕನ ಅಪರಾಧಕ್ಕೆ ದಾಖಲೆಯಾಗಲೆಂದು ಬರೆದದ್ದು. ಒಟ್ಟು ಹದಿಮೂರು ಕರೆಗಳು. ಅವುಗಳಲ್ಲಿ ಹನ್ನೊಂದು ಹದಿನೈದನೆಯ ನಿಮಿಷ ಕಳೆದು ಹದಿನಾರು ತುಂಬುವುದರೊಳಗೆ ಕಡಿದಿದ್ದುವು. ಉಳಿದೆರಡು ಗಡಿ ಮುಟ್ಟುವ ಮೊದಲೇ ಸಹಜವಾಗಿ ಮುಗಿದಿದ್ದುವು. ಆ ಹಾಳೆಯನ್ನು ನೋಡಿದಾಗ ನನಗೆ ಕಾಲೇಜಿನ ಪಾಠ ನೆನಪಿಗೆ ಬಂತು. ಹಳಗನ್ನಡದ ಓಲೆಗರಿಗಳನ್ನು ಹೋಲಿಸುವಾಗ, ಲಿಪಿಕಾರನು ನಿದ್ದೆಗಣ್ಣಿನಲ್ಲಿ ಮಾಡಿದ ತಪ್ಪು ಒಂದೊಂದು ಪ್ರತಿಯಲ್ಲಿ ಒಂದೊಂದು ಕಡೆ ಇರುತ್ತದೆ. ಎಲ್ಲ ಪ್ರತಿಗಳಲ್ಲಿಯೂ ಒಂದೇ ಪದ್ಯದ ಒಂದೇ ಅಕ್ಷರ ಬಿಟ್ಟುಹೋಗಿದ್ದರೆ ಅದು ನಿದ್ದೆಯಲ್ಲ, ಅವೆಲ್ಲಕ್ಕೂ ಮೂಲವಾದ ತಾಯಿಪ್ರತಿಯಲ್ಲಿಯೇ ಇದ್ದ ಲೋಪವೆಂದು ತಿಳಿಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಮುನಿಸಿಕೊಂಡವರು ಗಡಿಯಾರ ನೋಡಿಕೊಂಡು ಮುನಿಸಿಕೊಳ್ಳುವುದಿಲ್ಲ.

ಹಾಳೆಯನ್ನು ಹಿಡಿದುಕೊಂಡು ನಮ್ಮ ಬೀದಿಯ ಹಿರಿಯರೊಬ್ಬರ ಬಳಿಗೆ ಹೋದೆ. ದೂರವಾಣಿ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತರಾದವರು. ಈಗಲೂ ಯಾವ ಮನೆಯ ಕಂಬದಲ್ಲಿ ಯಾವ ವೈರು ಸಡಿಲವಾಗಿದೆಯೆಂದು ಬೆಳಗಿನ ವಾಯುಸಂಚಾರದಲ್ಲಿಯೇ ಹೇಳಬಲ್ಲರು. ಹಾಳೆಯನ್ನು ಕನ್ನಡಕ ಏರಿಸಿ ನೋಡಿದರು. "ಕಂಬಕ್ಕೂ ಬೆಳಕಿಗೂ ಸಂಬಂಧವಿಲ್ಲ ಮೇಷ್ಟ್ರೆ. ಹೊತ್ತುಗೊತ್ತಿಲ್ಲದೆ ಕಡಿದರೆ ತಂತಿಯನ್ನು ನೋಡಬೇಕು. ಮಾತು ತುಣುಕುತುಣುಕಾದರೆ ಮನೆಯಲ್ಲಿ ಯಾರೋ ಸಿನಿಮಾ ಇಳಿಸಿಕೊಳ್ಳುತ್ತಿದ್ದಾರೆ. ಕರೆ ಹಿಡಿದ ಅರ್ಧ ನಿಮಿಷಕ್ಕೇ ಕಡಿದರೆ ಕರೆ ಹಿಡಿದೆವೆಂಬ ಒಪ್ಪಿಗೆಯ ಚೀಟಿ ಎಲ್ಲೋ ಕಳೆದಿದೆ. ಹದಿನೈದೂವರೆ ಎಂದರೆ ಯಾರೋ ಬಾಗಿಲು ತಟ್ಟಿ ವಾಪಸು ಹೋಗಿದ್ದಾರೆ" ಎಂದರು. ಜ್ಯೋತಿಷಿಗಳು ಜಾತಕ ನೋಡಿ ಹೇಳಿದಂತಿತ್ತು. ಆದರೆ ಜ್ಯೋತಿಷಿಗಳಂತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಾಫಿ ತರಿಸಿ ವಿವರಿಸಿದರು. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ. ವಾಚಕರ ಮನೆಯಲ್ಲಿಯೂ ಇಂಥ ಪೆಟ್ಟಿಗೆಗಳಿರುತ್ತವೆಯಷ್ಟೆ.

ಅಂತರಜಾಲದ ಟೆಲಿಫೋನಿನಲ್ಲಿ ನಮ್ಮ ಮಾತು ಹೊಳೆಯಂತೆ ಹರಿಯುವುದಿಲ್ಲ, ಅಂಚೆಯಂತೆ ಹೋಗುತ್ತದೆ. ಸೆಕೆಂಡಿಗೆ 8000 ಸಲ ದನಿಯನ್ನು ಅಳೆದು ಅಂಕಿಯಾಗಿಸಿ, ಆ ಅಂಕಿಗಳನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟಕ್ಕೆ ತುಂಡರಿಸಿ, ಒಂದೊಂದು ತುಂಡನ್ನೂ ಒಂದೊಂದು ಲಕೋಟೆಯಲ್ಲಿ ಹಾಕಿ, ಮೇಲೆ ವಿಳಾಸ ಬರೆದು ಕಳುಹಿಸುತ್ತಾರೆ. ಅಮ್ಮ "ಅಕ್ಕಾ" ಎಂದರೆ ಅದೇ ಇಪ್ಪತ್ತು ಇಪ್ಪತ್ತೈದು ಲಕೋಟೆ. ಈ ದನಿಯ ಲಕೋಟೆಗಳು ಒಂದು ದಾರಿ. ಕರೆಯನ್ನು ಆರಂಭಿಸುವುದು, ಗಂಟೆ ಬಾರಿಸುವುದು, ಮುಗಿಸುವುದು ಇವುಗಳ ಆಜ್ಞಾಪತ್ರಗಳು ಹೋಗಿಬರುವುದು ಬೇರೊಂದು ದಾರಿ. ಈ ಎರಡು ದಾರಿಗಳ ಭೇದವೇ ನಮ್ಮ ಮನೆಯ ರೋಗದ ಕೀಲಿಕೈ.

ಇನ್ನು ವಿಳಾಸದ ಪ್ರಶ್ನೆ. ಅಂತರಜಾಲವನ್ನು ಕಟ್ಟಿದವರು ಮೊದಲು ಇಟ್ಟುಕೊಂಡ ವಿಳಾಸಗಳ ಸಂಖ್ಯೆ ಸುಮಾರು 430 ಕೋಟಿ. ಲೋಕದ ಜನರಿಗೆ ತಲೆಗೊಂದರಂತೆಯೂ ಅದು ಸಾಲದು. ಆದುದರಿಂದ 1990ರ ದಶಕದಲ್ಲಿ ಒಂದು ಉಪಾಯ ಮಾಡಿದರು: ಮನೆಗೆಲ್ಲ ಒಂದೇ ವಿಳಾಸ; ಒಳಗಿರುವವರ ಲೆಕ್ಕವನ್ನು ಬಾಗಿಲ ಕಾವಲುಗಾರ ಇಟ್ಟುಕೊಳ್ಳತಕ್ಕದ್ದು. ನಾಗರಬಾವಿಯಲ್ಲಿ ಹಂತ, ಬ್ಲಾಕು, ಮೇನು, ಕ್ರಾಸು ಎಲ್ಲ ಸರಿಯಾಗಿ ಬರೆದರೂ ಮಹಡಿಯ ಬಾಡಿಗೆದಾರರಿಗೆ ಬಂದ ಪಾರ್ಸೆಲು ಮನೆ ಮಾಲೀಕರ ಕೈಗೆ ಸಿಗುವುದಿಲ್ಲವೆ? ಹಾಗೆಯೇ. ರೌಟರೆಂಬುದು ಈ ಕಾವಲುಗಾರ. ಒಳಗಿನಿಂದ ಯಾರಾದರೂ ಹೊರಗೆ ಪತ್ರ ಕಳುಹಿಸಿದರೆ ಅವನು ಪುಸ್ತಕದಲ್ಲಿ ಬರೆದುಕೊಂಡು, ಅದಕ್ಕೆ ಉತ್ತರ ಬಂದಾಗ ಒಳಕ್ಕೆ ಬಿಡುತ್ತಾನೆ. ಒಳಗಿನವರು ಮೊದಲು ಮಾತೆತ್ತದಿದ್ದರೆ ಹೊರಗಿನವರಿಗೆ ಪ್ರವೇಶವಿಲ್ಲ. ಕಾವಲುಗಾರ ನಿಯತ್ತಿನವನು, ಆದರೆ ಮರೆಗುಳಿ. ಸ್ವಲ್ಪ ಹೊತ್ತು ಯಾರೂ ಓಡಾಡದಿದ್ದರೆ ಪುಸ್ತಕದ ಆ ಸಾಲನ್ನು ಒರೆಸಿಹಾಕುತ್ತಾನೆ. ಎರಡು ನಿಮಿಷವಾದರೂ ನೆನಪಿಟ್ಟುಕೊಳ್ಳಬೇಕೆಂದು ಅಂತರಜಾಲದ ನಿಯಮವಿದೆ. ಅಗ್ಗದ ಪೆಟ್ಟಿಗೆಗಳಲ್ಲಿ ಅನೇಕವು ಅರ್ಧ ನಿಮಿಷಕ್ಕೇ ಮರೆಯುತ್ತವೆ. ನಮ್ಮ ಮನೆಯಲ್ಲಾದರೋ ಕಾವಲುಗಾರರು ಇಬ್ಬರು, ಕೆಳಗೊಬ್ಬ, ಮಹಡಿಯಲ್ಲೊಬ್ಬ.

ಈಗ ಅಮ್ಮ ಅಕ್ಕನಿಗೆ ಫೋನು ಮಾಡುತ್ತಾರೆನ್ನಿ. ಆಜ್ಞಾಪತ್ರ ಹೋಗುತ್ತದೆ, ಒಪ್ಪಿಗೆ ಬರುತ್ತದೆ, ಮಾತು ಆರಂಭವಾಗುತ್ತದೆ. ದನಿಯ ದಾರಿಯಲ್ಲಿ ಸೆಕೆಂಡಿಗೆ ಐವತ್ತು ಲಕೋಟೆಗಳು ಅತ್ತಿಂದಿತ್ತ ಓಡಾಡುವುದರಿಂದ ಆ ಸಾಲನ್ನು ಕಾವಲುಗಾರ ಮರೆಯುವಂತಿಲ್ಲ. ಆಜ್ಞೆಯ ದಾರಿಯಲ್ಲಿ ಈಗ ಯಾರಿಗೂ ಕೆಲಸವಿಲ್ಲ. ಅದು ನಿರ್ಜನವಾಗುತ್ತದೆ, ಕಾವಲುಗಾರ ಆ ಸಾಲನ್ನು ಒರೆಸುತ್ತಾನೆ. ಮಾತು ಸೊಗಸಾಗಿ ನಡೆದೇ ಇದೆ. ಮಳೆ, ಕೊಳೆರೋಗ, ಮಂಡಿ ನೋವು. ಹೀಗಿರಲಾಗಿ ಹದಿನೈದನೆಯ ನಿಮಿಷಕ್ಕೆ ಕಂಪೆನಿಯ ಕಡೆಯಿಂದ ಒಬ್ಬ ವಿಚಾರಣಾಧಿಕಾರಿ ಬರುತ್ತಾನೆ. ಒಂದು ಕಡೆಯವರ ಯಂತ್ರ ಸತ್ತುಹೋಗಿದ್ದರೂ ಕರೆ ಲೆಕ್ಕದಲ್ಲಿ ಬದುಕಿಯೇ ಉಳಿಯಬಾರದೆಂದು 2005ರಲ್ಲಿ ಒಂದು ನಿಯಮ ಮಾಡಿದ್ದಾರೆ: ಕರೆಗೆ ಒಂದು ಆಯುಸ್ಸು, ಸಾಮಾನ್ಯವಾಗಿ ಅರ್ಧ ಗಂಟೆ, ಅದರ ಅರ್ಧ ಕಳೆದಾಗ, ಎಂದರೆ ಕಾಲು ಗಂಟೆಗೆ, "ಇನ್ನೂ ಮಾತನಾಡುತ್ತಿದ್ದೀರಾ?" ಎಂದು ಕೇಳಿ ಆಯುಸ್ಸನ್ನು ಮುಂದುವರಿಸುವುದು. ಹಳೆಯ ಟ್ರಂಕ್ ಆಪರೇಟರ ಮೂರು ನಿಮಿಷದ ಪ್ರಶ್ನೆಯೇ ಇದು. ಮಾತನಾಡುವವರ ಕಿವಿಗೆ ಕೇಳಿಸದಂತೆ ಕೇಳುತ್ತಾರೆ, ಅಷ್ಟೆ. ಈ ಅಧಿಕಾರಿ ಬಂದು ಬಾಗಿಲು ತಟ್ಟುತ್ತಾನೆ. ಕಾವಲುಗಾರನ ಪುಸ್ತಕದಲ್ಲಿ ಇವನ ಹೆಸರಿಲ್ಲ; ಒಳಕ್ಕೆ ಬಿಡುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಅರ್ಧ ಸೆಕೆಂಡು ಬಿಟ್ಟು ಮತ್ತೆ ತಟ್ಟುತ್ತಾನೆ. ಆಮೇಲೆ ಒಂದು ಸೆಕೆಂಡು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಅಂತರವನ್ನು ದುಪ್ಪಟ್ಟು ಮಾಡುತ್ತ ಒಟ್ಟು ಏಳು ಬಾರಿ ತಟ್ಟಿ, 32 ಸೆಕೆಂಡು ತುಂಬಿದ ಮೇಲೆ ಈ ಮನೆಯಲ್ಲಿ ಯಾರೂ ಇಲ್ಲವೆಂದು ಷರಾ ಬರೆದು ಕರೆಯನ್ನು ಮುಗಿಸಿಬಿಡುತ್ತಾನೆ. ಒಳಗೆ ಅಮ್ಮ "ಅಲ್ಲ ಅಕ್ಕಾ" ಎನ್ನುತ್ತಿರುತ್ತಾರೆ.

ದೊಡ್ಡಮ್ಮನ ಕರೆ ನಮಗೆ ಬಾರದಿದ್ದುದಕ್ಕೂ ಕಾರಣ ಇದೇ. ಹೊರಗಿನಿಂದ ಬರುವ ಕರೆ ಆಜ್ಞೆಯ ದಾರಿಯಲ್ಲಿಯೇ ಬರಬೇಕು. ನಮ್ಮ ಪೆಟ್ಟಿಗೆ ಗಂಟೆಗೊಮ್ಮೆ ಕಂಪೆನಿಗೆ ಹಾಜರಿ ಹಾಕುತ್ತಿತ್ತು; ಹಾಜರಿ ಹಾಕಿದ ಕ್ಷಣದಲ್ಲಿ ಬಾಗಿಲು ತೆರೆದಿದ್ದು, ಮರುನಿಮಿಷವೇ ಮುಚ್ಚುತ್ತಿತ್ತು. ಅಕ್ಕ ಮಾಡುತ್ತಿದ್ದುದೂ ನಿಜ, ತಂಗಿಗೆ ಕೇಳದಿದ್ದುದೂ ನಿಜ.

ಹಿರಿಯರು ಮರುದಿನ ಮನೆಗೇ ಬಂದರು. ಒಂದು ಸಲಕ್ಕೆ ಒಂದೇ ಔಷಧ ಎಂಬುದು ಅವರ ಕಟ್ಟುನಿಟ್ಟು. ನಾಲ್ಕು ಗುಂಡಿಗಳನ್ನು ಒಟ್ಟಿಗೆ ತಿರುವಿದರೆ ರೋಗ ಹೋದರೂ ವಿದ್ಯೆ ಬರುವುದಿಲ್ಲವಂತೆ. ರೌಟರುಗಳಲ್ಲಿ ಸಿಪ್ ಎಎಲ್‌ಜಿ ಎಂದೊಂದು ಸೇವೆಯಿರುತ್ತದೆ. ಟೆಲಿಫೋನಿನ ಆಜ್ಞಾಪತ್ರಗಳನ್ನು ಬಿಚ್ಚಿ ನೋಡಿ, ಒಳಗಿನ ವಿಳಾಸವನ್ನು ತಿದ್ದಿ ಉಪಕಾರ ಮಾಡಲೆಂದು ಹುಟ್ಟಿದ್ದು. ಎಷ್ಟೋ ವೇಳೆ ಅರೆಬರೆ ತಿದ್ದಿ ಅಪಕಾರ ಮಾಡುತ್ತದೆ. ಮುದ್ರಣಾಲಯದಲ್ಲಿ ಕರಡು ತಿದ್ದುವವರನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ದಿನ ಎರಡು ಪೆಟ್ಟಿಗೆಗಳಲ್ಲಿಯೂ ಅದನ್ನು ಆರಿಸಿದರು. ಆ ಸಂಜೆಯೂ ಹದಿನೈದೂವರೆಗೆ ಕರೆ ಕಡಿಯಿತು. ಅವರಿಗೆ ಬೇಸರವಾಗುವುದರ ಬದಲು ಸಂತೋಷವಾದಂತೆ ಕಂಡಿತು. "ಇದಲ್ಲ ಎಂದು ತಿಳಿಯಿತಲ್ಲ" ಎಂದರು.

ಎರಡನೆಯ ದಿನ ಟೆಲಿಫೋನಿನ ಪುಟ್ಟ ಪೆಟ್ಟಿಗೆಯ ಒಳಗಣ ಪಟ್ಟಿಯನ್ನು ತೆರೆದು, ಪ್ರತಿ 20 ಸೆಕೆಂಡಿಗೊಮ್ಮೆ ಕಂಪೆನಿಯ ಕಡೆಗೆ ಒಂದು ಖಾಲಿ ಲಕೋಟೆ ಕಳುಹಿಸುವಂತೆ ಏರ್ಪಡಿಸಿದರು. ಅದರಲ್ಲಿ ಸುದ್ದಿಯೇನೂ ಇಲ್ಲ. ಕಾವಲುಗಾರನಿಗೆ ಮರೆವು ಬಾರದಿರಲೆಂದು ಆಗಾಗ್ಗೆ ಕೆಮ್ಮಿದಂತೆ. ಪೆಟ್ಟಿಗೆ ಮಾಡಿದವರು ಈ ಅನುಕೂಲವನ್ನು ಒಳಗೆ ಇಟ್ಟೇ ಇದ್ದರು, ಚಾಲೂ ಮಾಡಿರಲಿಲ್ಲ. ಇಷ್ಟಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಮೂರು ಬಾರಿ ಏಣಿ ಹೊತ್ತು ಬಂದವರಲ್ಲಿ ಒಬ್ಬರಾದರೂ ಎಷ್ಟು ಹೊತ್ತಿಗೆ ಕಡಿಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿದ್ದರೆ ಶ್ರಾವಣಕ್ಕೆ ಮೊದಲೇ ಆಗಬಹುದಿತ್ತು. ಆ ಹುಡುಗರನ್ನು ದೂರಲಾರೆ. ದಿನಕ್ಕೆ ಇಷ್ಟು ದೂರು ಮುಗಿಸಬೇಕೆಂದು ಮೇಲಿನವರು ಅಟ್ಟಿದರೆ ಪ್ರಶ್ನೆ ಕೇಳಲು ಯಾರಿಗೆ ಪುರಸತ್ತು?

ಆ ಸಂಜೆ ಅಮ್ಮನಿಗೆ ಏನೂ ಹೇಳಲಿಲ್ಲ. ಏಳು ಗಂಟೆಗೆ ಅವರು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ನಂಬರು ಒತ್ತಿದರು. ನಾವು ಕೆಳಗೆ ಹಾಲಿನಲ್ಲಿ ಗಡಿಯಾರದ ಮುಂದೆ ಕುಳಿತೆವು. ಹಿರಿಯರು, ಮನೆಯಾಕೆ, ಮಗ, ನಾನು. ಚುನಾವಣೆಯ ಎಣಿಕೆಗೂ ನಾವು ಹಾಗೆ ಕುಳಿತವರಲ್ಲ. ಏಳೂ ಹದಿನೈದಾಯಿತು. ಹದಿನೈದೂವರೆಯಾಯಿತು. ಮೇಲಿನಿಂದ ದನಿ ತಗ್ಗಿದ್ದು ಕೇಳಿಸಿತು. ಹದಿನಾರಾಯಿತು. ಮಗ ಎದ್ದು ನಿಂತ. ಮೇಲೆ ದನಿ ಇನ್ನೂ ಇತ್ತು. ಒಂದು ಕಡೆ ಸ್ವಲ್ಪ ಏರಿತು. ಒಂದು ಕಡೆ ಬಹಳ ಹೊತ್ತು ಬರಿಯ "ಹ್ಞೂಂ, ಹ್ಞೂಂ" ಕೇಳಿಸಿತು. ಏಳೂ ನಲವತ್ತೇಳಕ್ಕೆ ರಿಸೀವರು ಇಟ್ಟ ಸದ್ದಾಯಿತು. ಅಮ್ಮ ಮೆಟ್ಟಿಲಿಳಿದು ಬಂದು, ನಾವೆಲ್ಲರೂ ಗಡಿಯಾರದ ಮುಂದೆ ಕುಳಿತದ್ದನ್ನು ನೋಡಿ, "ಯಾಕೆ, ಯಾರಾದರೂ ಬರುವವರಿದ್ದಾರೋ?" ಎಂದರು. ಕಣ್ಣು ಕೆಂಪಾಗಿತ್ತು. ಸರದ ಬಗ್ಗೆ ಏನಾಯಿತೆಂದು ನಾವು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹಿರಿಯರಿಗೆ ಮಾತ್ರ ತಾವೇ ಒಳಗೆ ಹೋಗಿ ಕಾಫಿ ಮಾಡಿಕೊಟ್ಟರು.

ಮೂರು ದಿನಗಳ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ, ನಮ್ಮ ಮನೆಯ ಟೆಲಿಫೋನು ತಾನಾಗಿ ಬಡಿದುಕೊಂಡಿತು. ಅದಕ್ಕೆ ಅಂಥ ದನಿಯಿದೆಯೆಂಬುದೇ ನಮಗೆ ಮರೆತುಹೋಗಿತ್ತು. ದೊಡ್ಡಮ್ಮ.

ಒಂದು ಕೊರತೆ ಉಳಿದಿದೆ. ಹಳೆಯ ತಾಮ್ರದ ಟೆಲಿಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಗಳಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಸಾಯುತ್ತಿರಲಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ತು ಬಾರದು. ಕರೆಂಟು ಹೋದರೆ ಮೂರು ಪೆಟ್ಟಿಗೆಗಳೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ನಾಗರಬಾವಿಯಲ್ಲಿ ಒಂದು ಗಾಳಿಮಳೆಗೆ ಹೊಂಗೆಯ ಕೊಂಬೆ ಬಿದ್ದರೆ ಸಾಕು. ಅದಕ್ಕೆಂದು ಪುಟ್ಟ ಬ್ಯಾಟರಿಗಳನ್ನು ತಂದು ಪೆಟ್ಟಿಗೆಗಳ ಪಕ್ಕದಲ್ಲಿ ಇಟ್ಟಿದ್ದೇವೆ. ಮಹಡಿಯ ರೌಟರನ್ನು ಕಾವಲುಗಾರಿಕೆಯಿಂದ ಬಿಡಿಸಿ, ಬರಿಯ ಜವಾನನ ಕೆಲಸಕ್ಕೆ ಇಳಿಸಿದ್ದೇವೆ. ಒಂದು ಮನೆಗೆ ಒಬ್ಬ ಮರೆಗುಳಿ ಸಾಕೆಂದು ಹಿರಿಯರ ಅಭಿಪ್ರಾಯ.

ಮೊನ್ನೆ ಹನ್ನೊಂದನೆಯ ನಿಮಿಷಕ್ಕೆ ಕರೆ ಕಡಿಯಿತು. ಮೇಲೆ "ಹಲೋ, ಹಲೋ" ಕೇಳಿ ನಾನು ಓಡಿದೆ. ಪೆಟ್ಟಿಗೆಯ ದೀಪಗಳೆಲ್ಲ ಹಸಿರಾಗಿದ್ದುವು, ಬ್ಯಾಟರಿ ತುಂಬಿತ್ತು. ಬಗ್ಗಿ ವೈರುಗಳನ್ನು ನೋಡತೊಡಗಿದೆ.

"ಪೆಟ್ಟಿಗೆ ಮುಟ್ಟಬೇಡ. ಅದು ಸರಿಯಾಗಿದೆ," ಎಂದರು ಅಮ್ಮ. "ಮಂಡಿಗೆ ಆಪರೇಷನ್ ಮಾಡಿಸಿಕೋ ಎಂದೆ. ಇದು ಅವಳೇ ಇಟ್ಟದ್ದು."

ಹತ್ತು ನಿಮಿಷ ಬಿಟ್ಟು ಅವರು ತಿರುಗಿ ನಂಬರು ಒತ್ತಿದರು.